ಗಟ್ಟಿಮೇಳದ ಪ್ಲೇಟು

೧೯೪೫ ನವೆಂಬರ್ ೬, ಮಂಗಳವಾರ

ಆಲೂಗಡ್ಡೆ ತೂಕ ಮಧ್ಯಾಹ್ನಕ್ಕೇ ಮುಗಿಯಿತು. ಕೈಯೆಲ್ಲ ಮಣ್ಣು. ತೊಳೆದು, ಕ್ರಾಪು ಸರಿಮಾಡಿಕೊಂಡು ಕ್ಯಾಪ್ಟನ್ ಹಾರ್ಟ್ಲಿಯವರ ಕೋಣೆಗೆ. ಹೊಸಕೋಟೆಯ ಈ ಮಿಲಿಟರಿ ತರಕಾರಿ ಡಿಪೋದಲ್ಲಿ ಅವರು ಕರೆದು ಕೂರಿಸಿ ಮಾತಾಡಿಸುವ ಗುಮಾಸ್ತ ನಾನೊಬ್ಬನೇ. ಉಳಿದವರಿಗೆ ಹೊಟ್ಟೆಯುರಿ. ಉರಿಯಲಿ.

ಕೆಲಸ ತರಕಾರಿಯದ್ದಲ್ಲ. ಪಿಂಟೋ ಪಾರ್ಟಿಯದು — ‘ಪಿಂಟೋ ಅಂಡ್ ಹಿಸ್ ಹಾಟ್ ಸಿಕ್ಸ್’. ಕಂಟೋನ್ಮೆಂಟಿನ ಜಾಝ್ ಬ್ಯಾಂಡು. ಯಾವ ವಾರ ಯಾವ ಕ್ಯಾಂಪು, ಯಾವ ಕ್ಲಬ್ಬು ಎಂದು ಪತ್ತೆ ಮಾಡಿ ಹೇಳಬೇಕು. ಕ್ಯಾಪ್ಟನ್ ತಮ್ಮ ಯಂತ್ರ ಹೊರಿಸಿಕೊಂಡು ಅಲ್ಲಿಗೆ ಹೋಗುತ್ತಾರೆ. ಬ್ಯಾಂಡು ನುಡಿಸುತ್ತಿರುವಾಗಲೇ ಯಂತ್ರದ ಮುಳ್ಳು ಕಪ್ಪು ಪ್ಲೇಟಿನ ಮೇಲೆ ಗೆರೆ ಕೊರೆಯುತ್ತದೆ. ಆಮೇಲೆ ಅದೇ ಪ್ಲೇಟನ್ನು ಗ್ರಾಮಫೋನಿಗೆ ಹಾಕಿದರೆ ಸಂಗೀತ, ಚಪ್ಪಾಳೆ, ಯಾರೋ ಕೆಮ್ಮಿದ್ದು, ಎಲ್ಲ ಕೇಳುತ್ತದೆ. ಯುದ್ಧ ಮುಗಿಯಿತು. ಊರಿಗೆ ಹೋಗುವಾಗ ಒಂದು ಪೆಟ್ಟಿಗೆ ಪ್ಲೇಟು ಒಯ್ಯುವ ಆಸೆ ಅವರಿಗೆ.

ಪತ್ತೆ ಹೇಗೆ? ಬಸ್ಸಿನವರು. ಇದ್ದಿಲ ಹೊಗೆಯಲ್ಲಿ ಓಡುವ ಕೋಲಾರದ ಬಸ್ಸಿನ ಡ್ರೈವರ್ ಬೈರಪ್ಪನಿಗೆ ಡ್ರಮ್ಮು ಯಾವ ಊರಲ್ಲಿ ಟಾಪಿನಿಂದ ಇಳಿಯಿತೆಂದು ಗೊತ್ತು, ಇತ್ತ ಬರದ ವಾರದ ಸುದ್ದಿಯನ್ನು ಬೇರೆ ಡ್ರೈವರುಗಳಿಂದ ತಂದುಕೊಡುತ್ತಾನೆ. ಕಳೆದ ಶನಿವಾರ ಕೆ.ಜಿ.ಎಫ್. ಕ್ಲಬ್ಬು. ನಿನ್ನೆ ದೇವನಹಳ್ಳಿ ಕ್ಯಾಂಪು. ಈ ಶನಿವಾರ... ಇಲ್ಲಿ! ನಮ್ಮ ಡಿಪೋದಲ್ಲಿ! ಆಲೂಗಡ್ಡೆ ಗೋದಾಮಿನಲ್ಲಿ ಜಾಝ್!

ಕ್ಯಾಪ್ಟನ್ ನನ್ನನ್ನು ರಾಮ್ ಎನ್ನುತ್ತಾರೆ. ನಾನೇ ಹೇಳಿಕೊಟ್ಟದ್ದು. ರಾಮಾಂಜಿನಪ್ಪ ಅನ್ನುವುದು ನಿಮ್ಮ ನಾಲಿಗೆಗೆ ಕಷ್ಟ ಸರ್ ಅಂದೆ. ನಿಜವಾಗಿ ನನಗೇ ಕಷ್ಟ.

ನವೆಂಬರ್ ೮, ಗುರುವಾರ

ಕೆಲಸ ಕೆಟ್ಟಿತು. ತರಕಾರಿ ಕೊಡುವ ರೈತರನ್ನೆಲ್ಲ ಶನಿವಾರ ಕರೆಯಬೇಕಂತೆ. ಕ್ಯಾಪ್ಟನ್ ಆರ್ಡರು. ನಮ್ಮಪ್ಪನೂ ಆಲೂಗಡ್ಡೆ ಕೊಡುವವನೇ. ಅಪ್ಪಯ್ಯಣ್ಣ, ಸಮೇತನಹಳ್ಳಿ. ಆತ ನನ್ನಪ್ಪ ಎಂದು ಡಿಪೋದಲ್ಲಿ ಯಾರಿಗೂ ಹೇಳಿಲ್ಲ. ಗಾಡಿ ಬಂದಾಗ ಹಿಂದಿನ ಬಾಗಿಲಿಂದ ಸರಿದುಬಿಡುತ್ತೇನೆ. ‘ನಮ್ ಹುಡ್ಗನಿಗೆ ಪುರುಸೊತ್ತೇ ಇಲ್ಲ’ ಎಂದು ಊರಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ.

ಮನೆಗೆ ಬಂದು ಉಪಾಯವಾಗಿ ಹೇಳಿ ನೋಡಿದೆ. "ಅಪ್ಪಾ, ಅದು ಬರೀ ಗದ್ದಲ. ನಿನಗೆ ಹಿಡ್ಸಲ್ಲ."

"ಮೇಳ ಅಲ್ವೇನ್ಲಾ?"

"ಇಂಗ್ಲಿಷ್ ಮೇಳ."

"ಯಾವ್ದಾದ್ರೇನು? ಮೇಳ ಅಂದ್ಮೇಲೆ ನಾನಿಲ್ದೆ ಹೆಂಗ್ಲಾ?"

ಅಮ್ಮ ಒಲೆಯ ಹತ್ತಿರ ನಕ್ಕಳು. ನಗುವಂಥದ್ದೇ. ಸುತ್ತ ಹಳ್ಳಿಗಳಲ್ಲಿ ಯಾರ ಮದುವೆಯಾದರೂ ಮುಹೂರ್ತಕ್ಕೆ ಅಪ್ಪ ಬೇಕು. ತಾಳಿ ಕಟ್ಟುವ ಗಳಿಗೆಯಲ್ಲಿ ಸೀನು, ಅಪಶಕುನದ ಮಾತು ಕಿವಿಗೆ ಬೀಳಬಾರದಲ್ಲ — ಆಗ ಕೈಯೆತ್ತಿ "ಗಟ್ಟಿಮೇಳ!" ಎಂದು ಕೂಗುವವನು ಇವನು. ಓಲಗ, ಡೋಲು ಎಲ್ಲ ಒಟ್ಟಿಗೆ ಭೋರ್ಗರೆಯುತ್ತವೆ. ಅಪ್ಪನ ಗಂಟಲು ಪಕ್ಕದ ಊರಿಗೂ ಕೇಳಿಸುತ್ತದೆ. ಆತನಿಗೆ ಇರುವ ಜಂಬ ಅದೊಂದೇ.

ನವೆಂಬರ್ ೧೧, ಭಾನುವಾರ

ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ ಹೊಟ್ಟೆಯಲ್ಲೇ ಕೊಳೆಯುತ್ತದೆ.

ಅಪ್ಪ ಬಂದ. ದೊಡ್ಡ ರುಮಾಲು, ಹೆಗಲ ಮೇಲೆ ಕಂಬಳಿ. ಹಾಕಿದ್ದ ಕುರ್ಚಿ ಬಿಟ್ಟು, ದೊರೆಗಳಿಗಿಂತಲೂ ಮುಂದೆ, ಮೈಕಿನ ಬುಡದಲ್ಲಿ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ. ಮೈಕಿನ ಈಚೆ ಕ್ಯಾಪ್ಟನ್, ಯಂತ್ರ, ನಾನು. ನನ್ನನ್ನು ನೋಡಿ ಅಪ್ಪ ಕೈಯೆತ್ತಿದ. ನಾನು ಯಂತ್ರದಲ್ಲೇನೋ ನೋಡುವವನಂತೆ ಬಗ್ಗಿದೆ.

ಬ್ಯಾಂಡು ಶುರುವಾಯಿತು. ಆಹಾ... ಏನು ಹೇಳಲಿ. ತುತ್ತೂರಿ ಒಂದು ಮಾತು ಕೇಳುತ್ತದೆ, ಡ್ರಮ್ಮು ಅಡ್ಡ ಉತ್ತರ ಕೊಡುತ್ತದೆ. ಪ್ಲೇಟಿಗೆ ಹಿಡಿಯುವ ಹಾಡು ಕೊನೆಯದು. ಅದರ ನಡುವೆ ಎಲ್ಲರೂ ವಾದ್ಯ ಕೆಳಗಿಟ್ಟರು. ಕ್ಲಾರಿನೆಟ್ಟು ಒಂದೇ. ಮೆಲ್ಲಗೆ, ಇನ್ನೂ ಮೆಲ್ಲಗೆ... ಗೋದಾಮಿನಲ್ಲಿ ಉಸಿರಿಲ್ಲ. ಯಾರೋ ದೊರೆಸಾನಿ ಸೀನಿದಳು.

ಅಪ್ಪ ಚಂಗನೆ ಎದ್ದ. ಕೈ ಮೇಲೆ. "ಗಟ್ಟಿಮೇಳ! ಗಟ್ಟಿಮೇಳ! ಬಾರ್ಸ್ರಪ್ಪಾ!"

ಡ್ರಮ್ಮರ್ ಸೆಲ್ವರಾಜು ಹಲಸೂರಿನ ತಮಿಳಿನವನು. ಅವರಲ್ಲೂ ಇದೇ ಮಾತು, ಇದೇ ಪದ್ಧತಿ. ಅವನ ಕೈ ಅವನನ್ನು ಕೇಳಲೇ ಇಲ್ಲ. ಡ್ರಮ್ಮು, ತಾಳ, ಎದುರಿಗಿದ್ದದ್ದನ್ನೆಲ್ಲ ಬಡಿದುಬಿಟ್ಟ. ಇದೇ ಸನ್ನೆಯಿರಬೇಕೆಂದು ಪಿಂಟೋ ತುತ್ತೂರಿ ಊದಿದ. ಕ್ಲಾರಿನೆಟ್ಟಿನವನು ಬಾಯಿಬಿಟ್ಟು ನಿಂತ. ಗೋದಾಮಿಗೆ ಗೋದಾಮೇ ಬಿದ್ದು ಬಿದ್ದು ನಕ್ಕಿತು. ಅಪ್ಪ ಮಾತ್ರ ಸಮಾಧಾನವಾಗಿ ಕೂತ. ಸೀನು ಮುಚ್ಚಿಹೋಯಿತಲ್ಲ.

ಕ್ಯಾಪ್ಟನ್ ಮುಖ ಕೆಂಪಗಾಗಿತ್ತು. ನಗುವೋ ಸಿಟ್ಟೋ ತಿಳಿಯಲಿಲ್ಲ. "ಹೂ ಈಸ್ ದಟ್ ಮ್ಯಾನ್, ರಾಮ್?"

"ಐ ಡೋಂಟ್ ನೋ ಹಿಮ್, ಸರ್."

ಈ ಮನುಷ್ಯ ಯಾರೋ ನನಗೆ ಗೊತ್ತಿಲ್ಲ. ಅಷ್ಟೇ. ತಾನಾಗಿ ಬಾಯಿಗೆ ಬಂತು. ಯೋಚಿಸಿ ಹೇಳಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ.

ಅಪ್ಪ ಮುಂದಿನ ಗೇಟಿನಲ್ಲಿ ಕಾಯುತ್ತಿದ್ದ. ನಾನು ಸೈಕಲ್ಲು ತಳ್ಳಿಕೊಂಡು ಹಿಂದಿನ ಬಾಗಿಲಿಂದ ಬಂದುಬಿಟ್ಟೆ. ಮನೆಗೆ ನಡೆದು ಬಂದವನು ಅಂದ: "ನಿನ್ಗೋಸ್ಕರ ಕಾದೆ ಕಣ್ಲಾ. ಕೆಲ್ಸ ಇತ್ತೇನೋ ಅಂತ ಹೊರಟ್ಬಂದೆ."

ನವೆಂಬರ್ ೧೯, ಸೋಮವಾರ

ಸತ್ತೆ.

"ಬಾ ರಾಮ್, ಒಂದು ತಮಾಷೆ," ಎಂದು ಕ್ಯಾಪ್ಟನ್ ಆ ಪ್ಲೇಟು ಹಾಕಿದರು. ಕ್ಲಾರಿನೆಟ್ಟು, ಸೀನು, ಅಪ್ಪನ ಗಟ್ಟಿಮೇಳ, ಡ್ರಮ್ಮು, ನಗು. ಅಷ್ಟಕ್ಕೇ ನಿಲ್ಲಲಿಲ್ಲ. ಯಂತ್ರವನ್ನು ಯಾರೂ ನಿಲ್ಲಿಸಿರಲಿಲ್ಲವಲ್ಲ, ಮುಳ್ಳು ಕೊರೆಯುತ್ತಲೇ ಇತ್ತು. ಕ್ಯಾಪ್ಟನ್ ಕೇಳಿದ್ದು. ಆಮೇಲೆ ನನ್ನ ದನಿ. ಮೈಕಿನ ಹತ್ತಿರವೇ ಇದ್ದದ್ದಕ್ಕೆ ಎಲ್ಲಕ್ಕಿಂತ ಸ್ಪಷ್ಟ. ಇಷ್ಟು ಒಳ್ಳೆಯ ಉಚ್ಚಾರಣೆ ನನ್ನದು ಎಂದು ಗೊತ್ತೇ ಇರಲಿಲ್ಲ. ಥೂ.

ಅವರಿಗೆ ಸಿಟ್ಟಿಲ್ಲ. ಪೆಟ್ಟಿಗೆಯಲ್ಲಿರುವುದರಲ್ಲೆಲ್ಲ ಇದೇ ಚೆಂದವಂತೆ. ಆದರೆ ಬ್ಯಾಂಡಿನವರು ಕಾಡಿ ಬೇಡಿ ಕೇಳಿದ್ದಾರೆ, ಅವರಿಗೇ ಕೊಡುತ್ತಾರಂತೆ. ಇರುವುದು ಒಂದೇ ಪ್ರತಿ. ಇಂಥ ಪ್ಲೇಟು ಮೆತ್ತಗಿರುತ್ತದೆ, ಹಾಕಿದಷ್ಟೂ ಸವೆಯುತ್ತದೆ ಎಂದೂ ಹೇಳಿದರು.

ಈ ಕೊನೆಯ ಮಾತು ಹಿಡಿದುಕೊಂಡು ಮನೆಗೆ ಬಂದೆ. ಸವೆಯಲಿ, ದೇವರೇ.

ನವೆಂಬರ್ ೨೮, ಬುಧವಾರ

ಪಿಂಟೋ ಪಾರ್ಟಿ ಎರಡು ದಿನ ಜಾಲಹಳ್ಳಿ ಮಿಲಿಟರಿ ಆಸ್ಪತ್ರೆ. ನಾಳೆ ಯಲಹಂಕ ಏರೋಡ್ರೋಮು. ಶನಿವಾರ ಮತ್ತೆ ಕೆ.ಜಿ.ಎಫ್. ಹೋದಲ್ಲೆಲ್ಲ ನಡುವೆ ಆ ಪ್ಲೇಟು ಹಾಕುತ್ತಾರಂತೆ. ಸಿಪಾಯಿಗಳೂ "ಗಟ್ಟಿಮೇಲಾ" ಎಂದು ಕೂಗುತ್ತಾರಂತೆ. ಬೈರಪ್ಪ ಹಲ್ಲು ಕಿರಿದುಕೊಂಡು ಹೇಳಿದ.

ಮೊದಲು ಅವರ ತಾರೀಖು ಕೇಳಿದರೆ ಮನಸ್ಸು ಕುಣಿಯುತ್ತಿತ್ತು. ಈಗ ಪ್ರತಿ ಊರಿಗೂ ನನ್ನ ಆ ಮಾತು ನನಗಿಂತ ಮುಂಚೆ ಹೋಗಿ ಕೂತಿರುತ್ತದೆ. ಅಪ್ಪನಿಗೆ ಇಂಗ್ಲಿಷ್ ಬರದು, ಪ್ಲೇಟಿನ ವಿಷಯವೇ ಗೊತ್ತಿಲ್ಲ. ಸದ್ಯ ಅದೊಂದು ಉಳಿದಿದೆ.

ಡಿಸೆಂಬರ್ ೪, ಮಂಗಳವಾರ

ಅದೂ ಹೋಯಿತು.

ಡ್ರಮ್ಮರ್ ಸೆಲ್ವರಾಜು ಕ್ರಿಸ್‌ಮಸ್ ಕಾರ್ಯಕ್ರಮಗಳ ತಾರೀಖು ತಿಳಿಸಲು ಡಿಪೋಗೆ ಬಂದಿದ್ದ. ಅದೇ ಹೊತ್ತಿಗೆ ಅಪ್ಪನ ಗಾಡಿ. ನಾನು ಹಿಂದಿನ ಬಾಗಿಲು ಸೇರುವಷ್ಟರಲ್ಲಿ ಅವನು ಓಡಿಹೋಗಿ ಅಪ್ಪನ ಕೈ ಹಿಡಿದುಕೊಂಡಾಗಿತ್ತು.

"ಪೆರಿಯವರೇ! ಗಟ್ಟಿಮೇಳ ನೀವೇ ಅಲ್ವಾ? ನಿಮ್ ವಾಯ್ಸು ಪ್ಲೇಟಲ್ಲಿ ಇದೆ! ಕೆ.ಜಿ.ಎಫ್.ನಲ್ಲಿ ದೊರೆಗಳೆಲ್ಲಾ ಎದ್ದು ನಿಂತು ಕೈ ತಟ್ಟಿದ್ರು!"

"ನನ್ ದನಿ? ಪ್ಲೇಟ್ನಾಗೆ?" ಅಪ್ಪ ಗಂಟಲು ಮುಟ್ಟಿ ನೋಡಿಕೊಂಡ. ಆಮೇಲೆ ಕೂಗಿದ, ಅದೇ ದನಿಯಲ್ಲಿ: "ಲೇ ರಾಮಾಂಜೀ! ಬಾರ್ಲಾ ಇಲ್ಲಿ! ಕೇಳ್ಸ್ಕೊಂಡ್ಯಾ? ಇವ್ನು ನನ್ ಮಗ ಕಣಪ್ಪಾ, ಇಲ್ಲೇ ಗುಮಾಸ್ತ."

ಸೆಲ್ವರಾಜು ನನ್ನನ್ನು ನೋಡಿದ. ನಗು ಮುಖದ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು, ಆಮೇಲೆ ಇರಲಿಲ್ಲ. ಆ ಪ್ಲೇಟನ್ನು ಅವನು ಎಷ್ಟು ಸಲ ಕೇಳಿದ್ದಾನೋ. ಅಪ್ಪ ಮೂಟೆ ಇಳಿಸಲು ಹೋದಾಗ ಹತ್ತಿರ ಬಂದ.

"ಸಾರ್, ಅದ್ರಲ್ಲಿ ಕೊನೇಲಿ ಮಾತಾಡೋದು..."

"ನಾನೇ."

ಬೈಯುತ್ತಾನೆ ಎಂದು ನಿಂತೆ. ಬೈಯಲಿಲ್ಲ. ಹೋಗಿ ಅಪ್ಪನ ಜೊತೆ ಒಂದು ಮೂಟೆಗೆ ಹೆಗಲು ಕೊಟ್ಟ.

ಡಿಸೆಂಬರ್ ೧೫, ಶನಿವಾರ

ಅಪ್ಪನಿಗೆ ಪ್ಲೇಟು ಕೇಳುವ ಹುಚ್ಚು ಹತ್ತಿದೆ. ಊರೆಲ್ಲ ಹೇಳಿಕೊಂಡು ತಿರುಗಿದ್ದಾನೆ. ಬ್ಯಾಂಡು ಮದ್ರಾಸಿಗೆ ಹೋಯಿತು ಅಂದೆ. ಮತ್ತೆ ಕೇಳಿದಾಗ, ಪ್ಲೇಟು ಒಡೆದುಹೋಯಿತು ಅಂದೆ. ಆಯಿತು ಬಿಡು ಅಂದ. ಬಿಟ್ಟ ಅಂದುಕೊಂಡೆ.

ಇವತ್ತು ಬೆಳಗ್ಗೆ ಒಂದು ಚೀಲ ಅವರೆಕಾಯಿ ಹೊತ್ತು, ಬೈರಪ್ಪನ ಬಸ್ಸು ಹತ್ತಿ ಕೆ.ಜಿ.ಎಫ್.ಗೆ ಹೋಗಿಬಂದಿದ್ದಾನೆ! ಕಂಡಕಂಡವರನ್ನೆಲ್ಲ "ಜಾಜಿ ಮೇಳ ಎಲ್ಲೈತ್ರಪ್ಪಾ" ಎಂದು ಕೇಳಿದನಂತೆ. ಜಾಝ್ ಅಂದರೆ ಆತನ ಬಾಯಲ್ಲಿ ಜಾಜಿ. ಪತ್ತೆ ಹಚ್ಚುವ ಕಸುಬು ನನ್ನದೊಬ್ಬನದೇ ಎಂದುಕೊಂಡಿದ್ದೆ. ಕ್ಲಬ್ಬಿನ ಅಡುಗೆಮನೆ ಬಾಗಿಲಲ್ಲಿ ಸೆಲ್ವರಾಜು ಸಿಕ್ಕಿ, ಟೀ ಕುಡಿಸಿ, ಬನ್ನು ತಿನ್ನಿಸಿದ್ದಾನೆ. ಕ್ರಿಸ್‌ಮಸ್ ಕಳೆದ ಮೇಲೆ ಗ್ರಾಮಫೋನು ತಂದು ಮನೆಯಲ್ಲೇ ಹಾಕಿ ಕೇಳಿಸುತ್ತಾನಂತೆ.

"ಒಡ್ದೋಗಿತ್ತಂತಲ್ಲಪ್ಪಾ, ನನ್ ಮಗ ಹೇಳ್ದ ಅಂದೆ. ಆ ಹುಡ್ಗ ಇನ್ನೊಂದ್ ಬನ್ನು ತಂದಿಟ್ಟ. ಯಾರೋ ನಿಂಗೆ ಸುಳ್ಳು ಹೇಳವ್ರೆ ಕಣ್ಲಾ ಮಗಾ. ಯಾರ್ನೂ ನಂಬ್ಬೇಡ."



ಡಿಸೆಂಬರ್ ೨೪, ಸೋಮವಾರ. ಡಿಪೋ, ಊಟದ ಹೊತ್ತು

ಪ್ಲೇಟು ನನ್ನ ಮೇಜಿನ ಮೇಲಿದೆ. ಸೆಲ್ವರಾಜು ಬೆಳಗ್ಗೆ ಬಸ್ಸಿನಿಂದ ಇಳಿದು ಕೊಟ್ಟುಹೋದ. ಹಬ್ಬದ ಓಡಾಟದಲ್ಲಿ ಅವರ ಟ್ರಂಕಿನಲ್ಲಿದ್ದರೆ ಮುರಿಯುತ್ತದೆ, ಭಾನುವಾರದವರೆಗೆ ನೀವೇ ಜೋಪಾನ ಮಾಡಿ, ಗ್ರಾಮಫೋನು ನಾನು ತರ್ತೀನಿ ಅಂದ. ನನ್ನ ಕೈಗೇ ಕೊಟ್ಟ! ಬೇಕೆಂದೇ ಕೊಟ್ಟನೋ, ನಂಬಿ ಕೊಟ್ಟನೋ.

ಒಡೆದುಬಿಡಬಹುದು. ಆದರೆ ಅಪ್ಪನ ಮುಖ... ಅಂಗಳ ಬಳಿಸಿ, ಯಾರ್ಯಾರನ್ನು ಕರೆಯಬೇಕೆಂದು ಈಗಲೇ ಬೆರಳು ಮಡಚುತ್ತಿದ್ದಾನೆ. ಅವನ ಗಟ್ಟಿಮೇಳ ಉಳಿಯಬೇಕು. ನನ್ನ ಮಾತು ಹೋಗಬೇಕು. ನನ್ನದು ಕಟ್ಟಕಡೆಯಲ್ಲಿ, ಪ್ಲೇಟಿನ ನಡುವೆ ಅಂಟಿಸಿದ ಕಾಗದದ ಅಂಚಿನ ಗೆರೆಗಳಲ್ಲಿದೆ.

ಒಂದೂವರೆ ಗಂಟೆ

ಗ್ರಾಮಫೋನಿನ ಹಳೆಯ ಮುಳ್ಳು ತೆಗೆದುಕೊಂಡು ಆ ಗೆರೆಗಳ ಮೇಲೆ ಅಡ್ಡಕ್ಕೆ ಎಳೆದೆ. ಒಂದೇ ಗೀರು. ಚರ್ಮದ ಮೇಲೆ ಎಳೆದಂತೆ ಆಯಿತು. ಇನ್ನು ಅಲ್ಲಿಗೆ ಬರುವಾಗ ಬರೀ ಗರಗರ ಸದ್ದು ಬರುತ್ತದೆ. ಬರಬೇಕು.

ಡಿಸೆಂಬರ್ ೩೦, ಭಾನುವಾರ

ಮಧ್ಯಾಹ್ನ. ನಮ್ಮ ಅಂಗಳ. ಜಗಲಿ ತುಂಬ ಗಂಡಸರು, ಬಾಗಿಲಲ್ಲಿ ಹೆಂಗಸರು. ಸೆಲ್ವರಾಜು ಗ್ರಾಮಫೋನಿಗೆ ಕೀಲಿ ಕೊಟ್ಟ. ಅಪ್ಪ ಹೊಸ ಪಂಚೆ ಉಟ್ಟು ಅದರ ಎದುರಿಗೇ ಕೂತ.

ಎಷ್ಟೋ ಸಲ ಹಾಕಿ ಕ್ಲಾರಿನೆಟ್ಟು ಸವೆದುಹೋಗಿತ್ತು. ದೂರದಲ್ಲೆಲ್ಲೋ ಊದಿದಂತೆ. ಗಟ್ಟಿಮೇಳ ಮಾತ್ರ ಸವೆದಿರಲಿಲ್ಲ. ಅಪ್ಪನ ದನಿ ಬಂದದ್ದೇ ಅಂಗಳವೆಲ್ಲ ಹೋ ಎಂದಿತು. ಅಪ್ಪ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಕ್ಕ, ಕಣ್ಣಲ್ಲಿ ನೀರು. ನಾನು ಅಪ್ಪನನ್ನು ಅಷ್ಟು ಖುಷಿಯಾಗಿ ನೋಡಿದ್ದಿಲ್ಲ.

ಮುಳ್ಳು ನನ್ನ ಗೀರಿನ ಹತ್ತಿರ ಬಂತು. ದಾಟಲಿಲ್ಲ. ಗೀರು ತಗುಲಿ ಹಿಂದಿನ ಗೆರೆಗೇ ಜಾರಿತು. ಮತ್ತೆ ಬಂತು, ಮತ್ತೆ ಜಾರಿತು.

"ಐ ಡೋಂಟ್ ನೋ ಹಿಮ್, ಸರ್. ಐ ಡೋಂಟ್ ನೋ ಹಿಮ್, ಸರ್. ಐ ಡೋಂಟ್ ನೋ ಹಿಮ್, ಸರ್..."

"ಲೇ, ಇದು ನಿನ್ ದನಿ ಅಲ್ವೇನ್ಲಾ?" ಅಪ್ಪ ತಿರುಗಿದ. "ಏನಂತಿದ್ದೀಯ? ಅದ್ನೇ ಯಾಕ್ ಹೇಳ್ತೈತೆ?"

ಎಲ್ಲರೂ ನನ್ನ ಕಡೆ ತಿರುಗಿದರು. ಸೆಲ್ವರಾಜು ತಲೆ ತಗ್ಗಿಸಿ ಮುಳ್ಳು ಎತ್ತಿದ. ಆಗ ನಿಜ ಹೇಳಬಹುದಿತ್ತು. "ಯಾರದು ಅಂತ ಕ್ಯಾಪ್ಟನ್ ಕೇಳಿದ್ರು," ಅಂದೆ. "ಇವರು ನಮ್ಮ ತಂದೆಯವರು ಸರ್, ಅಂತ ಹೇಳ್ದೆ."

 ಅಪ್ಪ ಊರಿಗೆಲ್ಲ ಕೇಳುವಂತೆ, "ನೋಡ್ರಪ್ಪಾ! ಎಷ್ಟ್ ಸಲ ಹೇಳವ್ನೆ ನೋಡ್ರಿ, ನನ್ ಮಗ!"

ಅಮ್ಮ ಬಾಗಿಲಿಂದ, "ತಂದೆಗೆ ಫಾದರ್ ಅಂತಾರಲ್ವೇನೋ? ಆ ಮಾತು ಕೇಳ್ಸ್ಲಿಲ್ಲ."

"ಹಿಮ್ ಅಂದ್ರೆ ಗೌರವದ ಮಾತಮ್ಮಾ."

ಹೊರಡುವಾಗ ಸೆಲ್ವರಾಜು ಮೆಲ್ಲಗೆ ಅಂದ: "ಸಾರ್, ನಾನು ಕೊಟ್ಟಾಗ ಗೀರು ಇರ್ಲಿಲ್ಲ." ಪ್ಲೇಟನ್ನು ಅಪ್ಪನಿಗೇ ಬಿಟ್ಟುಹೋದ. ಅಪ್ಪ ಅದನ್ನು ದೇವರ ಗೂಡಿನಲ್ಲಿಟ್ಟಿದ್ದಾನೆ.

೧೯೪೬ ಜನವರಿ ೩, ಗುರುವಾರ

ಅಪ್ಪ ಆ ಇಂಗ್ಲಿಷ್ ಕಲಿಯುತ್ತಿದ್ದಾನೆ. ಹಸುವಿಗೆ ಹುಲ್ಲು ಹಾಕುವಾಗ, ಬಾವಿಯಲ್ಲಿ ನೀರು ಸೇದುವಾಗ. ನನ್ನನ್ನು ನಿಲ್ಲಿಸಿ ಉಚ್ಚಾರಣೆ ತಿದ್ದಿಸಿಕೊಳ್ಳುತ್ತಾನೆ. ತಿದ್ದುತ್ತೇನೆ!

"ಇವ್ನು ನನ್ ಮಗ ಅನ್ನಾಕೆ ಏನನ್ಬೇಕ್ಲಾ?"

"ಅದೇ ಅಪ್ಪಾ. ಎರಡಕ್ಕೂ ಒಂದೇ."

"ಹೌದಲ್ವಾ, ಸಂಬಂಧ ಒಂದೇ ತಾನೆ," ಅಂದ.

ನನ್ನಂಥ ನೀಚ ಈ ತಾಲ್ಲೂಕಿನಲ್ಲಿ ಇನ್ನೊಬ್ಬನಿಲ್ಲ.

ಜನವರಿ ೯, ಬುಧವಾರ

ಕ್ಯಾಪ್ಟನ್ ನಾಳೆ ಬೊಂಬಾಯಿಗೆ, ಅಲ್ಲಿಂದ ಹಡಗು. ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದೆ. ಅಪ್ಪ ಒಂದು ಬುಟ್ಟಿ ಸೀಬೆಹಣ್ಣು ಹೊತ್ತು ನೇರ ಅವರ ಕೋಣೆಗೇ ಬಂದ. ಹಿಂದಿನ ಬಾಗಿಲಿಗೆ ಹೋಗಲು ಇವತ್ತು ಕಾಲು ಏಳಲಿಲ್ಲ. ಕ್ಯಾಪ್ಟನ್‌ಗೆ ಗುರುತು ಸಿಕ್ಕಿತು. "ಗಟ್ಟಿಮೇಲಾ!" ಎಂದು ಎದ್ದರು.

ಅಪ್ಪ ಬುಟ್ಟಿ ಇಳಿಸಿ ನನ್ನ ಹೆಗಲ ಮೇಲೆ ಕೈ ಹಾಕಿದ. ಎದೆ ಸೆಟೆಸಿದ.

"ಐ ಡೋಂಟ್ ನೋ ಹಿಮ್, ಸರ್."

ಕ್ಯಾಪ್ಟನ್ ನಗಲು ಬಾಯಿ ತೆರೆದವರು ನಿಲ್ಲಿಸಿದರು. ಅಪ್ಪನ ಕೈ ನೋಡಿದರು, ನನ್ನ ಹೆಗಲು ನೋಡಿದರು, ಇಬ್ಬರ ಮೂಗನ್ನೂ ನೋಡಿದರು. "ಯುವರ್ ಫಾದರ್, ರಾಮ್?"

"ಎಸ್, ಸರ್." ಎರಡೇ ಮಾತು. ಇಷ್ಟು ಸುಲಭವಿತ್ತು.

ಫಾದರ್ ಎಂಬುದು ಅಪ್ಪನಿಗೆ ತಿಳಿದಿತ್ತು. ತಲೆಯಾಡಿಸಿ ಮತ್ತೆ ಹೇಳಿದ, ಈ ಸಲ ಗಟ್ಟಿಮೇಳದ ದನಿಯಲ್ಲಿ. ಗುಮಾಸ್ತರೆಲ್ಲ ಕತ್ತೆತ್ತಿದರು. ಕ್ಯಾಪ್ಟನ್ ಟೋಪಿ ತೆಗೆದು ಅಪ್ಪನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. ನನಗೆ ಕೈ ಚಾಚಲಿಲ್ಲ. ಪೆಟ್ಟಿಗೆ ಬೇರೆಯವರು ಕಟ್ಟುತ್ತಾರೆ, ನೀನು ಇವರನ್ನು ಮನೆಗೆ ಕರೆದುಕೊಂಡು ಹೋಗು ಅಂದರು.

ಅಪ್ಪ ಮೊದಲ ಸಲ ನನ್ನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತ. ದಾರಿಯುದ್ದಕ್ಕೂ ಮಾತು. "ದೊರೆ ಮುಖ ನೋಡ್ದೇನ್ಲಾ? ಆ ಮಾತ್ಗೆ ಎಷ್ಟ್ ಮರ್ವಾದೆ ಕೊಟ್ಟ ನೋಡು! ಊರಾಗೆ ಎಲ್ರಿಗೂ ಹೇಳ್ಕೊಡ್ತೀನಿ. ಅವ್ರವ್ರ ಮಕ್ಳನ್ನ ತೋರ್ಸಿ ಹಂಗನ್ಲಿ."

ಮಾವಿನ ತೋಪಿನ ಹತ್ತಿರ ಬ್ರೇಕು ಹಾಕಿದೆ. ಕೆಳಗಿಳಿದು ಸೈಕಲ್ಲು ಹಿಡಿದುಕೊಂಡೇ, ಅಪ್ಪನ ಮುಖ ನೋಡದೆ ಹೇಳಿದೆ. "ಅಪ್ಪಾ, ಆ ಮಾತಿನ ಅರ್ಥ ಅದಲ್ಲ."

"ಮತ್ತಿನ್ನೇನು?"

"ಈ ಮನುಷ್ಯ ಯಾರೋ ನಂಗೊತ್ತಿಲ್ಲ, ಅಂತ."

ಅಪ್ಪ ಕ್ಯಾರಿಯರಿನಿಂದ ಇಳಿದ. ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ಅರ್ಥವಾಗಲಿಲ್ಲವೇನೋ ಎಂದುಕೊಂಡೆ.

"ಯಾರ್ನ?" ಎಂದು ಕೇಳಿದ.

"ನಿನ್ನನ್ನೇ, ಅಪ್ಪಾ," ಅಂದೆ.